ರಾಜಕುಮಾರಿಯ ದಿಬ್ಬಣ: ಸಾರೋಟೋ, ಹಡಗೋ?

ನೀವು ಹಳೆಯ ಯುರೋಪಿನ ಒಂದು ಅರಮನೆಯ ದಿವಾನರು ಎಂದುಕೊಳ್ಳಿ. ರಾಜಕುಮಾರಿಯನ್ನು ಗಂಡನ ಮನೆಗೆ ಕಳಿಸಬೇಕು. ಯಾವ ದಾರಿ?

ರಸ್ತೆ ಹಿಡಿದರೆ ದುಡ್ಡು ನೀರಿನಂತೆ ಹರಿಯುತ್ತದೆ. 1770ರ ಏಪ್ರಿಲ್ 21ರಂದು ಫ್ರಾನ್ಸಿನ ಯುವರಾಜನನ್ನು ಮದುವೆಯಾಗಲು ವಿಯೆನ್ನಾ ಬಿಟ್ಟ 14 ವರ್ಷದ ಆಸ್ಟ್ರಿಯಾದ ರಾಜಕುಮಾರಿ ಮಾರಿ ಆಂಟೊನೆಟ್ ಜತೆಗೆ 57 ಗಾಡಿ, 376 ಕುದುರೆ; ಆ ಕುದುರೆಗಳನ್ನೂ ಮಜಲು ಮಜಲಿಗೆ ಬದಲಿಸಬೇಕು. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆಂದೇ ಸ್ಟ್ರಾಸ್‌ಬೂರ್ಗ್ ಬಳಿ ರೈನ್ ನದಿಯ ನಡುಗಡ್ಡೆಯಲ್ಲಿ ಮರದ ಮಂಟಪ ಕಟ್ಟಿದರು. (ಅದರೊಳಗೆ ಗ್ರೀಕ್ ಪುರಾಣದ ಜೇಸನ್–ಮಿಡೀಯರ ದುರಂತ ದಾಂಪತ್ಯದ ಚಿತ್ರಪರದೆ ತೂಗುಹಾಕಿದ್ದು ಕಂಡು, ಆ ಊರಲ್ಲಿ ಓದುತ್ತಿದ್ದ, ಮುಂದೆ ಜರ್ಮನ್ ಮಹಾಕವಿಯಾದ ಗಯಟೆ ಸಿಡಿಮಿಡಿಗೊಂಡ. ತಪ್ಪೇನಿಲ್ಲ!) ಆದರೂ ದಿನದ ಲೆಕ್ಕ ತಪ್ಪಲಿಲ್ಲ: ಮೇ 7ಕ್ಕೆ ಗಡಿ, ಮೇ 16ಕ್ಕೆ ವರ್ಸೇಲ್ಸ್‌ನಲ್ಲಿ ಮದುವೆ.

ಹಡಗಿನಲ್ಲಿ ದಿನಾ ಸಾಮಾನು ಇಳಿಸಿ ಏರಿಸುವ ಗೋಜಿಲ್ಲ, ಕುದುರೆ ಬದಲಿಸುವ ಖರ್ಚಿಲ್ಲ. ಆದರೆ ಯಜಮಾನಿಕೆ ಗಾಳಿಯದು. 1501ರಲ್ಲಿ ಇಂಗ್ಲೆಂಡಿನ ಯುವರಾಜನ ಕೈಹಿಡಿಯಲು ಹೊರಟ ಸ್ಪೇನಿನ ರಾಜಕುಮಾರಿ ಅರಗಾನಿನ ಕ್ಯಾಥರೀನ್ ಬಿರುಗಾಳಿಗೆ ಸಿಕ್ಕಿ ಸ್ಪೇನಿಗೇ ವಾಪಸಾಗಿ, ಮತ್ತೆ ಹೊರಟು ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್ ಸೇರಿದಳು. 1589ರಲ್ಲಿ ಸ್ಕಾಟ್ಲೆಂಡಿಗೆ ಹೊರಟ ಡೆನ್ಮಾರ್ಕಿನ ರಾಜಕುಮಾರಿ ಆನ್ ಬಿರುಗಾಳಿಯಿಂದಾಗಿ ನಾರ್ವೆಯಲ್ಲಿ ಸಿಕ್ಕಿಕೊಂಡಳು. ವರ, ಸ್ಕಾಟ್ಲೆಂಡಿನ ದೊರೆ 6ನೇ ಜೇಮ್ಸ್, ತಾನೇ ಹಡಗು ಹತ್ತಿ ಹೋಗಿ ಓಸ್ಲೋದಲ್ಲಿ ಮದುವೆಯಾದ. ಇಬ್ಬರೂ ಸ್ಕಾಟ್ಲೆಂಡಿನ ಲೀತ್ ಬಂದರು ಮುಟ್ಟಿದ್ದು 1590ರ ಮೇ 1ಕ್ಕೆ. ಅಷ್ಟು ತಿಂಗಳು ಪರಿವಾರ ಸಾಕಿದ ಖರ್ಚನ್ನು ಯಾವ ಬಾಬತ್ತಿಗೆ ಬರೆಯುತ್ತೀರಿ?

ನಾನಾದರೆ ರಸ್ತೆ ಇರುವಲ್ಲಿ ರಸ್ತೆಯೇ ಎನ್ನುತ್ತೇನೆ. ಬೀಗರು ಕಡಲಾಚೆಯವರಾದರೆ ಮೇ–ಜೂನ್‌ನಲ್ಲೇ ಹೊರಡಿಸಿ. ಬಿರುಗಾಳಿಯ ಬೆಲೆ ತೆರುವವರು ನೀವಷ್ಟೇ ಅಲ್ಲ: ಆನ್‌ಳ ಹಡಗಿಗೆ ಬಿರುಗಾಳಿ ಎಬ್ಬಿಸಿದರೆಂದು ಡೆನ್ಮಾರ್ಕ್, ಸ್ಕಾಟ್ಲೆಂಡ್ ಎರಡೂ ದೇಶಗಳಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಸುಟ್ಟರು.