ತೊಗರಿಯ ಕಾಯಿಕೊರಕಕ್ಕೆ ಮೂರು ಔಷಧ: ನಾನು ಪ್ರೊಫೆನೋಫಾಸ್ ಬಿಟ್ಟಿದ್ದು ಯಾಕೆ

ನಮ್ಮದು ಕಲಬುರಗಿ ಕಡೆ ಮೂರು ಎಕರೆ ತೊಗರಿ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬಂದೇ ಬರುತ್ತದೆ. ಪ್ರೊಫೆನೋಫಾಸ್, ಬೇವಿನ ಬೀಜದ ಕಷಾಯ, ಕ್ಲೋರಾಂಟ್ರಾನಿಲಿಪ್ರೋಲ್, ಮೂರನ್ನೂ ಹೊಡೆದು ನೋಡಿದ್ದೇನೆ. ಈಗ ಅಂಗಡಿಗೆ ಹೋದರೆ ಕೇಳುವುದು ಕೊನೆಯದನ್ನೇ.

ಪ್ರೊಫೆನೋಫಾಸ್ ಕೆಲಸ ಮಾಡಲ್ಲ ಅಂತ ಹೇಳಲಾರೆ. ಲೀಟರ್ ನೀರಿಗೆ 2 ಮಿ.ಲೀ. ಹಾಕಿ ಹೊಡೆದರೆ ಮರುದಿನವೇ ಹುಳು ಸತ್ತು ಬಿದ್ದಿರುತ್ತದೆ. ಬೆಲೆಯೂ ಕಡಿಮೆ. ಆದರೆ ಎರಡು ವರ್ಷದ ಹಿಂದೆ ನನ್ನ ತಮ್ಮ ಬರೀ ಬನಿಯನ್ನಿನಲ್ಲಿ ಟ್ಯಾಂಕು ಹೊತ್ತು, ಗಾಳಿಗೆ ಎದುರಾಗಿ ಮಧ್ಯಾಹ್ನದವರೆಗೆ ಈ ಔಷಧ ಹೊಡೆದ. ಮುಚ್ಚಳ ಸಡಿಲವಿತ್ತು, ಬೆನ್ನೆಲ್ಲ ತೊಯ್ದಿತ್ತು. ಸಂಜೆಗೆ ವಾಂತಿ, ಬಾಯಲ್ಲಿ ಜೊಲ್ಲು, ಕಣ್ಣು ಮಂಜು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಮಾತು, "ಯಾವ ಔಷಧ ಹೊಡೆದದ್ದು? ಬಾಟಲಿ ಎಲ್ಲಿ?" ಬಾಟಲಿಯನ್ನು ಬದುವಿನ ಆಚೆ ಎಸೆದಿದ್ದೆವು. ಕತ್ತಲಲ್ಲಿ ಬೈಕ್ ಹತ್ತಿ ಹೊಲಕ್ಕೆ ಹೋದೆ. ಟಾರ್ಚ್ ಹಿಡಿದು ಮುಳ್ಳಿನ ಪೊದೆಯಲ್ಲಿ ಹುಡುಕಿ ತಂದೆ. ಅಷ್ಟರಲ್ಲಿ ಲಕ್ಷಣ ನೋಡಿಯೇ ಈ ವಿಷಕ್ಕೆ ಕೊಡುವ ಅಟ್ರೋಪಿನ್ ಮದ್ದು ಶುರು ಮಾಡಿದ್ದರು, ಹೆಸರು ಓದಿ ಖಾತ್ರಿ ಮಾಡಿಕೊಂಡರು. ಪ್ರೊಫೆನೋಫಾಸ್ ಆರ್ಗನೋಫಾಸ್ಫೇಟ್ ಗುಂಪಿನ ವಿಷ. ಹುಳುವಿನ ನರಕ್ಕೆ ಏನು ಮಾಡುತ್ತದೋ ಮನುಷ್ಯನ ನರಕ್ಕೂ ಅದನ್ನೇ ಮಾಡುತ್ತದೆ. ತಮ್ಮ ಉಳಿದ. ಜೇನುಹುಳುಗಳಿಗೂ ಇದು ಮಾರಕ, ನಾವು ಹೊಡೆಯುವುದೋ ಹೂವಿನ ಕಾಲದಲ್ಲೇ ಅಲ್ವಾ?

ಬೇವಿನದು ಅಗ್ಗ, ಕೈಕೆಲಸ ಜಾಸ್ತಿ. 5 ಕೆ.ಜಿ. ಬೀಜ ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ 100 ಲೀಟರ್ ಮಾಡಬೇಕು. ಮೊಟ್ಟೆಗೆ, ಎಳೆ ಹುಳುವಿಗೆ ಒಳ್ಳೆಯದು. ಹುಳು ದಪ್ಪಗಾಗಿ ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಹೊಡೆದರೆ ಸುಮ್ನೆ ದಂಡ.

ಕ್ಲೋರಾಂಟ್ರಾನಿಲಿಪ್ರೋಲ್ ದುಬಾರಿ, ಆದರೆ ಎಕರೆಗೆ 60 ಮಿ.ಲೀ. ಸಾಕು. ಹುಳು ಬೇಗ ತಿನ್ನುವುದು ಬಿಡುತ್ತದೆ, ಸಾಯಲು ಎರಡು ಮೂರು ದಿನ ಹಿಡಿಯುತ್ತದೆ. ಮರುದಿನ ಜೀವಂತ ಕಂಡಿತು ಅಂತ ಮತ್ತೆ ಹೊಡೆಯಬೇಡಿ. ಬಾಟಲಿ ಮೇಲೆ ಇರುವುದು ಹಸಿರು ತ್ರಿಕೋನ, ಅಂದರೆ ವಿಷ ಕಡಿಮೆ; ಪ್ರೊಫೆನೋಫಾಸಿಗೆ ಅದಕ್ಕಿಂತ ಹೆಚ್ಚು ವಿಷದ ಹಳದಿ. ಹಸಿರು ಅಂತ ಕೈಗವಸು, ಮಾಸ್ಕ್ ಬಿಡುವಂತಿಲ್ಲ. ನೀರಿನ ಸಣ್ಣ ಜೀವಿಗಳಿಗೆ ಇದು ಅಪಾಯ, ಹಳ್ಳದಲ್ಲಿ ಪಂಪು ತೊಳೆಯಬಾರದು. ಪದೇ ಪದೇ ಇದನ್ನೇ ಹೊಡೆದರೆ ಹುಳು ಒಗ್ಗಿಕೊಳ್ಳುತ್ತದೆ.

ಅದಕ್ಕೇ ಈ ವರ್ಷ ಮೊಗ್ಗು ಕಂಡಾಗ ಬೇವು, ಹುಳು ಜಾಸ್ತಿಯಾದರೆ ಒಂದೇ ಸಲ ಕ್ಲೋರಾಂಟ್ರಾನಿಲಿಪ್ರೋಲ್. 180 ಮಿ.ಲೀ. ತಂದು, ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ತಮ್ಮನಿಗೆ ತುಂಬು ತೋಳಿನ ಅಂಗಿಯನ್ನೂ ಹೊಲಿಸಿದ್ದೇನೆ.