ಜಿಬಿಎಸ್‌ಗೆ ಐವಿಐಜಿಯೋ, ಪ್ಲಾಸ್ಮಾ ಬದಲಾವಣೆಯೋ?

ಗಿಲಾನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡಿ ಕೈಕಾಲು ಸೋಲುವ ಕಾಯಿಲೆ. ಇದರಲ್ಲಿ ಈ ಎರಡು ಚಿಕಿತ್ಸೆಗಳ ಫಲವೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ರೋಗಿಯ ಸ್ಥಿತಿ, ಆಸ್ಪತ್ರೆಯ ಸೌಲಭ್ಯ, ಜೇಬು ನೋಡಿ ನಿರ್ಧರಿಸಬೇಕು.

ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಸುಲಭ, ಕೈಗೆ ಡ್ರಿಪ್ ಹಾಕಿದರೆ ಸಾಕು. ಕೆಜಿಗೆ ದಿನಕ್ಕೆ 0.4 ಗ್ರಾಂ, 5 ದಿನ. 60 ಕೆಜಿಯವರಿಗೆ ಒಟ್ಟು 120 ಗ್ರಾಂ. ಬಿಲ್ ಏರುವುದು ಇಲ್ಲೇ. ಬೇಗ ಹರಿಸಿದರೆ ತಲೆನೋವು, ಚಳಿ ಬರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಎಚ್ಚರ ಬೇಕು.

ಪ್ಲಾಸ್ಮಾ ಬದಲಾವಣೆ (ಯಂತ್ರದಿಂದ ರಕ್ತದ ದ್ರವಭಾಗ ತೆಗೆದು ಬೇರೆ ದ್ರವ ತುಂಬುವುದು) ಸಾಮಾನ್ಯವಾಗಿ ದಿನ ಬಿಟ್ಟು ದಿನ, 5 ಸಲ. ನಮ್ಮಲ್ಲಿ ಹೆಚ್ಚಾಗಿ ಖರ್ಚು ಕಡಿಮೆ. ಆದರೆ ದೊಡ್ಡ ರಕ್ತನಾಳಕ್ಕೆ ಕೊಳವೆ, ಯಂತ್ರ, ನುರಿತ ಸಿಬ್ಬಂದಿ ಬೇಕು. ಬಿಪಿ ಏರಿಳಿಯುವವರಿಗೆ ಇದು ಕಷ್ಟ. ನಡುವೆ ತುಟಿ ಜುಮ್ಮೆಂದರೆ ಕ್ಯಾಲ್ಸಿಯಂ ಇಳಿದಿರಬಹುದು, ತಕ್ಷಣ ನರ್ಸ್‌ಗೆ ಹೇಳಿ.

ಐವಿಐಜಿ ಮುಗಿದ ಕೂಡಲೇ ಪ್ಲಾಸ್ಮಾ ತೆಗೆದರೆ ದುಡ್ಡು ಕೊಟ್ಟು ಹಾಕಿಸಿದ ಔಷಧಿಯೇ ಹೊರಹೋಗುತ್ತದೆ. ಬರೀ ಸ್ಟಿರಾಯ್ಡ್‌ನಿಂದ ಇಲ್ಲಿ ಪ್ರಯೋಜನವಿಲ್ಲ. ಉಸಿರು ಕಟ್ಟುತ್ತಿದ್ದರೆ ಈ ಚರ್ಚೆಯೆಲ್ಲ ಆಮೇಲೆ, ಮೊದಲು ಐಸಿಯು.