ಮಲೆನಾಡಿನ ಮಳೆಗಾಲಕ್ಕೆ ಹಳೆಯ ಪಂಚೆಯೇ ಸರಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮಗಳು ಹಸುಗೂಸಾಗಿ ಬಂದದ್ದು ಆಷಾಢದಲ್ಲಿ. ಹಳೆಯ ಪಂಚೆಯ ತುಂಡು, ಪಾಕೆಟ್ ಇರುವ ಬಟ್ಟೆಯ ಡೈಪರ್, ಬಳಸಿ ಎಸೆಯುವ ಡೈಪರ್ ಮೂರನ್ನೂ ಕಟ್ಟಿ ನೋಡಿದ್ದೇವೆ. ನನ್ನ ಮತ ಪಂಚೆಗೆ.

ಪಾಕೆಟ್ ಡೈಪರ್ ನೋಡಲು ಚೆಂದ. ಗುಂಡಿ ಬದಲಿಸಿದರೆ ಮಗು ಬೆಳೆದಂತೆ ಅಳತೆಯೂ ಹಿಗ್ಗುತ್ತದೆ. ತೊಂದರೆಯೆಲ್ಲ ಒಳಗೆ ತೂರಿಸುವ ಹೀರುಬಟ್ಟೆಯದು. ಹಲವು ಪದರ ಸೇರಿಸಿ ಹೊಲಿದ ಅದನ್ನು ಬಿಡಿಸಿ ಹರವಲು ಬರುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಗರಿಗರಿಯಾಗುವ ಬಟ್ಟೆ, ಇಲ್ಲಿನ ಜುಲೈನಲ್ಲಿ ದಿನಗಟ್ಟಲೆ ಗಳದ ಮೇಲಿದ್ದರೂ ಒಣಗುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಹೊಲಿಗೆಯ ಅಂಚನ್ನು ಬೆರಳಲ್ಲಿ ಒತ್ತಿದರೆ ತಣ್ಣನೆಯ ತೇವ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಅದನ್ನು ಮಗುವಿಗೆ ಕಟ್ಟಲು ಯಾವ ತಾಯಿಗೂ ಮನಸ್ಸು ಬಾರದು.

ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದೆವು. ಒಣಗಿತು, ಹೊಗೆಯ ಕಮಟು ಹಿಡಿಯಿತು. ಹೊರಕವಚವನ್ನಂತೂ ಅಲ್ಲಿ ಹಾಕುವಂತೆಯೇ ಇಲ್ಲ: ನೀರು ತಡೆಯುವ ಲೇಪನವೂ ತೊಡೆಯ ಸುತ್ತಲಿನ ಎಲಾಸ್ಟಿಕ್ಕೂ ಬಿಸಿಗೆ ಹಾಳಾಗುತ್ತವೆ. ಹೀರುಬಟ್ಟೆಗಳನ್ನೇ ಇನ್ನಷ್ಟು ಕೊಳ್ಳಿ ಎಂದರು ಅಂಗಡಿಯವರು. ಒಣಗದ ಬಟ್ಟೆಯ ರಾಶಿಗೆ ಮತ್ತಷ್ಟು ಸೇರಿಸಲು ನಾನು ದುಡ್ಡು ಕೊಡಲಾರೆ.

ಪಂಚೆಗೆ ಇರುವುದು ಒಂದೇ ಪದರ. ಮಡಚಿ ಕಟ್ಟಿದಾಗ ದಪ್ಪ, ಒಗೆದು ಬಿಡಿಸಿದರೆ ತೆಳು. ಜಗಲಿಯ ಗಾಳಿಗೆ ಹರವಿದರೆ ಮುಕ್ಕಾಲು ಪಾಲು ಆರುತ್ತದೆ, ಉಳಿದ ತೇವವನ್ನು ಇಸ್ತ್ರಿಪೆಟ್ಟಿಗೆ ತೆಗೆಯುತ್ತದೆ. ಖರ್ಚೂ ಇಲ್ಲ, ಅಜ್ಜನ ಪಂಚೆಗಳು ಒಗೆದೊಗೆದು ಹೂವಿನಷ್ಟು ಮೆತ್ತಗಾಗಿದ್ದವು. ಒದ್ದೆಯಾದ ಕೂಡಲೇ ಮಗು ಅಳುತ್ತದೆ ಎಂದು ದೂರುವವರಿದ್ದಾರೆ. ನನಗೆ ಅದೇ ಬೇಕು. ಅತ್ತರೆ ತಾನೇ ಬದಲಿಸುವುದು, ತೊಡೆಸಂದಿ ಕೆಂಪಾಗದಂತೆ ನೋಡಿಕೊಳ್ಳುವುದು? ಹಾಸಿಗೆಗೆ ರಬ್ಬರ್ ಶೀಟ್ ಮಾತ್ರ ಬೇಕೇ ಬೇಕು.

ಎಸೆಯುವ ಡೈಪರಿನೊಳಗಿನ ಪುಡಿ ಮೂತ್ರವನ್ನು ಜೆಲ್ ಮಾಡಿ ಹಿಡಿದಿಡುತ್ತದೆ. ರಾತ್ರಿಯ ನಿದ್ದೆಗೆ, ಶಿವಮೊಗ್ಗದ ಬಸ್ಸಿಗೆ ಅದಕ್ಕೆ ಸಾಟಿಯಿಲ್ಲ. ಎಸೆಯುವುದು ಎಲ್ಲಿಗೆ ಎಂಬುದೇ ಪ್ರಶ್ನೆ. ಭದ್ರವಾಗಿ ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ತೋಟದ ನಡುವಿನ ಒಂಟಿ ಮನೆಗೆ ಕಸದ ಗಾಡಿ ಬರುವುದಿಲ್ಲ. ಗೊಬ್ಬರದ ಗುಂಡಿಯಲ್ಲಿ ಅದು ಕೊಳೆಯುವುದಿಲ್ಲ, ಸುಡಲು ಹೋದರೆ ವಿಷದ ಹೊಗೆ. ಕಟ್ಟಿಟ್ಟು ಪೇಟೆಗೆ ಹೋದಾಗ ಒಯ್ಯಬೇಕು.

ಹಾಗಾಗಿ ನಮ್ಮಲ್ಲಿ ಹಗಲಿಗೆ ಪಂಚೆ, ರಾತ್ರಿಗೊಂದು ಎಸೆಯುವ ಡೈಪರ್. ಬೆಂಗಳೂರಿನ ತಂಗಿಯ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವಿದೆ. ಹೀರುಬಟ್ಟೆಗಳ ಚಿಂತೆ ಅವಳಿಗಿಲ್ಲ. ಅವಳಿಗೆ ಪಾಕೆಟ್ ಡೈಪರೇ ಇರಲಿ, ನಮ್ಮವನ್ನೂ ಅಲ್ಲಿಗೇ ಕಳಿಸಿದ್ದೇನೆ.